ನಾಯಿ ಬಂತು... ಮಗಳ ಕೈ ಬಿಟ್ಟೆ!

ಬೇಸಿಗೆಯಲ್ಲಿ ನಮ್ಮ ಕಲಬುರಗಿ ಕಡೆ ವಾಕಿಂಗ್ ಅಂದರೆ ನಸುಕಿನಲ್ಲೇ ಆಗಬೇಕು. ಏಳು ಗಂಟೆ ದಾಟಿತೆಂದರೆ ಬಿಸಿಲು ಮೈ ಸುಡಲು ಶುರು. ಹಾಗಾಗಿ ಒಂದು ಭಾನುವಾರ ಆರು ವರ್ಷದ ಮಗಳನ್ನೂ ಎಬ್ಬಿಸಿಕೊಂಡು ನಮ್ಮ ನಂದೂರಿನ ರಸ್ತೆ ಹಿಡಿದಿದ್ದೆ. ಒಂದು ಕಡೆ ಕೈಗಾರಿಕಾ ಪ್ರದೇಶದ ಶೆಡ್ಡುಗಳು, ಇನ್ನೊಂದು ಕಡೆ ಬರಿದಾದ ತೊಗರಿ ಹೊಲ. ಮಗಳು ದಾರಿಯುದ್ದಕ್ಕೂ ಸ್ಕೂಲಿನ ಕತೆ ಹೇಳುತ್ತಿದ್ದಳು. ನಾನು ಅರ್ಧ ಕೇಳುತ್ತಾ, ಅರ್ಧ ಅವತ್ತಿನ ನಾಷ್ಟಾಕ್ಕೆ ಏನು ಮಾಡಲಿ ಅಂತ ಲೆಕ್ಕ ಹಾಕುತ್ತಾ ನಡೆದಿದ್ದೆ.

ನಿಂತಿದ್ದ ಟ್ರ್ಯಾಕ್ಟರಿನ ಹಿಂದಿನಿಂದ ಕಂದು ಬಣ್ಣದ ನಾಯಿಯೊಂದು ಬೊಗಳುತ್ತಾ ನುಗ್ಗಿ ಬಂತು.

ಮುಂದೆ ಏನಾಯಿತೆಂದು ನನಗೆ ಸರಿಯಾಗಿ ನೆನಪಿಲ್ಲ. ನೆನಪಿರುವುದು ಇಷ್ಟೇ: ನಾನು ಒಂದು ಮುಚ್ಚಿದ ಅಂಗಡಿಯ ಕಟ್ಟೆಯ ಮೇಲಿದ್ದೆ. ಎದೆ ಡವಡವ ಅನ್ನುತ್ತಿತ್ತು. ಕೈ ಖಾಲಿ ಇತ್ತು. ತಿರುಗಿ ನೋಡಿದರೆ ಹದಿನೈದು ಹೆಜ್ಜೆ ದೂರದಲ್ಲಿ ಮಗಳು ಫ್ರಾಕನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ಒಬ್ಬಳೇ ನಿಂತಿದ್ದಾಳೆ. ನಾಯಿ ಅವಳ ಸುತ್ತ ಮೂಸುತ್ತಿದೆ!

ಹಾಲಿನ ಕ್ಯಾನು ಹೊತ್ತು ಬರುತ್ತಿದ್ದ ಮುದುಕಿಯೊಬ್ಬಳು "ಹಚಾ, ಹಚಾ" ಅಂದಳು. ನಾಯಿ ಏನೂ ಆಗಿಲ್ಲವೆಂಬಂತೆ ಹೊರಟುಹೋಯಿತು. ಮುದುಕಿ ನನ್ನ ಕಡೆ ನೋಡಿ ಒಂದೇ ಮಾತು ಅಂದಳು, "ಏನವ್ವಾ, ಕೂಸಿನ್ ಬಿಟ್ಟು ಓಡೋದೇನ?"

ನಾಯಿ ಕಡಿಯಲಿಲ್ಲ. ಆ ಮಾತು ಕಡಿಯಿತು.

ಯಾರಿಗೂ ಹೇಳಲಾಗದ ಸಂಕಟ

ಮನೆಗೆ ಬಂದವಳೇ ನಮ್ಮವರಿಗೆ, "ದಾರ್ಯಾಗ ಒಂದು ನಾಯಿ ಬಂದಿತ್ತು, ಓಡಿಸಿ ಬಂದ್ವಿ" ಅಂದೆ. ಮಗಳು ತಲೆ ಎತ್ತಿ ನನ್ನನ್ನು ನೋಡಿದಳು. ಏನೂ ಅನ್ನಲಿಲ್ಲ. ಆ ನೋಟವೇ ನಾಲ್ಕು ದಿನ ನನ್ನ ನಿದ್ದೆ ಕೆಡಿಸಿತು. ತಾಯಿ ಅನಿಸಿಕೊಳ್ಳಲು ನಾನು ಯೋಗ್ಯಳೇ? ನಾಯಿ ನಿಜವಾಗಿ ಕಡಿದಿದ್ದರೆ? ನಾಳೆ ಬೆಂಕಿ ಬಿದ್ದರೂ ನಾನು ಹೀಗೇ ಓಡುತ್ತೇನೆಯೇ?

ವಾಕಿಂಗ್ ಬಿಟ್ಟೆ. ಕೇಳಿದವರಿಗೆ ಮೊಣಕಾಲು ನೋವು ಅಂದೆ. ಮಗಳಿಗೆ ಬೇಡಿದ್ದು ಬೇಡದ್ದು ಎಲ್ಲ ಕೊಡಿಸತೊಡಗಿದೆ. ಒಂದು ದಿನ ಚಾಕೊಲೇಟು, ಮರುದಿನ ಬಣ್ಣದ ಪೆನ್ಸಿಲ್ ಡಬ್ಬಿ. ಹೋಂವರ್ಕ್ ಮಾಡದಿದ್ದರೂ ಗದರಲಿಲ್ಲ. "ಏನಿದು, ಇಷ್ಟು ಅಚ್ಛಾ?" ಅಂತ ಅತ್ತೆಯೂ ಗಮನಿಸಿದರು.

ಇಂಥ ಸಂಕಟ ನನಗೊಬ್ಬಳಿಗೇ ಬಂದಿದ್ದು ಅಂದುಕೊಂಡಿದ್ದೆ. ಆದರೆ ಮುಂದೆ ಓಣಿಯ ಗೆಳತಿಯರ ಹತ್ತಿರ ಬಾಯಿ ಬಿಟ್ಟಾಗ ಒಬ್ಬೊಬ್ಬರದೂ ಒಂದೊಂದು ಕತೆ ಹೊರಬಂತು. ಒಬ್ಬರು ಗಾಬರಿಯಲ್ಲಿ ಮುದಿ ಮಾವನ ಕೈ ಬಿಟ್ಟು ಸರಿದಿದ್ದರು, ಅವರು ಬಿದ್ದು ಮೊಣಕೈ ತರಚಿಕೊಂಡಿದ್ದರು. ಇನ್ನೊಬ್ಬರು ಪಕ್ಕದ ಮನೆಯ ಸಾಕು ನಾಯಿ ಓಡಿ ಬಂದದ್ದಕ್ಕೆ ಕೈಗೆ ಸಿಕ್ಕ ಕಲ್ಲು ಎಸೆದಿದ್ದರು. ಅದು ಆಡಲು ಬಂದಿತ್ತಂತೆ. ವಾರಗಟ್ಟಲೆ ಕುಂಟಿತಂತೆ. ಆ ಮನೆಯವರ ಮುಖ ನೋಡಲು ಈಗಲೂ ಅವರಿಗೆ ಆಗುವುದಿಲ್ಲ.

ಕಾಲು ಓಡಿದ್ದು ಏಕೆ?

ಕುಕ್ಕರ್ ದಿಢೀರನೆ ಸೀಟಿ ಹೊಡೆದಾಗ ನಾವು ಬೆಚ್ಚಿ ಬೀಳುತ್ತೇವೆ. 'ಓ, ಕುಕ್ಕರ್' ಅಂತ ತಿಳಿಯುವುದು ಆಮೇಲೆ. ಮೈ ಮೊದಲು, ಬುದ್ಧಿ ಆಮೇಲೆ. ಮಿದುಳಿನಲ್ಲಿ ಬಾದಾಮಿ ಆಕಾರದ 'ಅಮಿಗ್ಡಲಾ' ಎಂಬ ಪುಟ್ಟ ಭಾಗವಿದೆ. ಅಪಾಯದ ಸುದ್ದಿ ಅಲ್ಲಿಗೆ ಎರಡು ದಾರಿಯಲ್ಲಿ ತಲುಪುತ್ತದೆ ಎಂದು ಅಮೆರಿಕದ ವಿಜ್ಞಾನಿ ಜೋಸೆಫ್ ಲೆಡೂ 1996ರ 'ದಿ ಎಮೋಷನಲ್ ಬ್ರೇನ್' ಪುಸ್ತಕದಲ್ಲಿ ವಿವರಿಸಿದ್ದಾರೆ. ಒಂದು ಅಡ್ಡದಾರಿ, ಬಲು ಬೇಗ. ಇನ್ನೊಂದು ವಿಚಾರ ಮಾಡುವ ಭಾಗದ ಮೂಲಕ ಬರುವ ಸುತ್ತುದಾರಿ, ಸ್ವಲ್ಪ ತಡ. ಅಡ್ಡದಾರಿಯ ಸುದ್ದಿಗೇ ಎದೆ ಬಡಿತ ಏರುತ್ತದೆ, ಅಡ್ರಿನಲಿನ್ ಹರಿಯುತ್ತದೆ, ಕಾಲಿಗೆ ರಕ್ತ ನುಗ್ಗುತ್ತದೆ. 'ಪಕ್ಕದಲ್ಲಿ ಮಗಳಿದ್ದಾಳೆ' ಎಂಬ ವಿಚಾರ ಬರುವ ಹೊತ್ತಿಗೆ ಕಾಲು ಕಟ್ಟೆ ಏರಿ ಆಗಿರುತ್ತದೆ.

ಹಾಗಂತ ಎಲ್ಲರೂ ಓಡುವುದಿಲ್ಲವಲ್ಲ? ನಿಜ. ನನ್ನ ಅಂಜಿಕೆಗೆ ಹಳೆಯ ಬೇರಿದೆ. ನನ್ನ ತವರು ಕಮಲಾಪುರದ ಕಡೆ, ಕೆಂಪು ಬಾಳೆಹಣ್ಣಿನ ಸೀಮೆ. ನಾನು ಸಣ್ಣವಳಿದ್ದಾಗ ದೊಡ್ಡಪ್ಪನ ಮಗನಿಗೆ ಹುಚ್ಚು ನಾಯಿ ಕಡಿದಿತ್ತು. ಆಗ ಹೊಟ್ಟೆಗೆ ಚುಚ್ಚುವ ಇಂಜೆಕ್ಷನ್‌ಗಳ ಕಾಲ. ದಿನಾ ಅವನನ್ನು ಹಿಡಿದು ಮಲಗಿಸುವುದು, ಅವನು ಚೀರುವುದು, ನಾವು ಹುಡುಗರೆಲ್ಲ ಬಾಗಿಲ ಸಂದಿಯಿಂದ ನೋಡುವುದು. "ನಾಯಿ ಹತ್ರ ಹೋದ್ರ ನಿನಗೂ ಹದಿನಾಲ್ಕು ಸೂಜಿ" ಅಂತ ದೊಡ್ಡವರು ಹೆದರಿಸುತ್ತಿದ್ದರು. ಆ ಹಳೆಯ ಲಸಿಕೆ ನಮ್ಮ ದೇಶದಲ್ಲಿ 2005ರ ಹೊತ್ತಿಗೇ ನಿಂತುಹೋಯಿತು. ನನ್ನ ಮೈಗೆ ಅದಿನ್ನೂ ಗೊತ್ತಾಗಿಲ್ಲ!

ಇನ್ನೊಂದು ಮಾತು. ಬೀದಿ ನಾಯಿಯ ಭಯವೆಲ್ಲ ಸುಳ್ಳು ಭಯವೂ ಅಲ್ಲ. ಆ ವಿಷಯ 2025ರಲ್ಲಿ ಸುಪ್ರೀಂ ಕೋರ್ಟ್ ತನಕ ಹೋಗಿ ದೇಶವೆಲ್ಲ ಚರ್ಚೆಯಾದದ್ದು ಪೇಪರ್ ಓದುವ ಎಲ್ಲರಿಗೂ ನೆನಪಿರಬಹುದು. ಹಾಗಾಗಿ 'ಇಷ್ಟಕ್ಕೆಲ್ಲ ಹೆದರ್ತಾರಾ' ಅಂತ ನಗುವವರ ಮಾತಿಗೆ ಕುಗ್ಗಬೇಕಿಲ್ಲ.

ಮಗಳು ಕಲಿತ ಪಾಠ

ಐದನೇ ದಿನ ಮಗಳು ಪಕ್ಕದ ಮನೆಯ ಹುಡುಗಿಯ ಜೊತೆ ಗೊಂಬೆ ಆಟ ಆಡುತ್ತಿದ್ದಳು. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಅವಳು ಹೇಳುವುದು ಕೇಳಿಸಿತು, "ನಾಯಿ ಬಂದ್ರ ಮಮ್ಮಿ ಓಡ್ತಾರ. ನಾವು ನಿಂದ್ರಬೇಕು."

ಸಿಟ್ಟಿಲ್ಲ, ದೂರಿಲ್ಲ. ಊಟಕ್ಕೆ ಮೊದಲು ಕೈ ತೊಳೀಬೇಕು ಅಂತ ಹೇಳುವ ಹಾಗೆ ಹೇಳಿದಳು. ನನ್ನ ಕೈಯಲ್ಲಿನ ರೊಟ್ಟಿ ಹರಿಯಿತು.

ಆಗ ನನಗೆ ತಿಳಿದದ್ದು ಇದು. ನಾನು ನಾಲ್ಕು ದಿನದಿಂದ ಅಳುತ್ತಿದ್ದದ್ದು ನನಗಾಗಿ. 'ನಾನು ಎಂಥ ತಾಯಿ' ಅನ್ನುವ ಪ್ರಶ್ನೆಯಲ್ಲಿ ಎಲ್ಲೆಲ್ಲೂ 'ನಾನೇ'. ಮಗಳಿಗೆ ಅವತ್ತು ಏನಾಯಿತು ಅಂತ ಒಮ್ಮೆಯೂ ಕೇಳಿರಲಿಲ್ಲ. ಅದರ ಮೇಲೆ ಅವಳ ಎದುರೇ ಸುಳ್ಳು ಹೇಳಿದ್ದೆ. ಮಕ್ಕಳು ಖಾಲಿ ಜಾಗ ಬಿಡುವುದಿಲ್ಲ. ನಾವು ವಿವರಿಸದಿದ್ದರೆ ತಮಗೆ ತಿಳಿದಂತೆ ಒಂದು ನಿಯಮ ಮಾಡಿಕೊಳ್ಳುತ್ತಾರೆ.

ಇದೇ ವಿಷಯದ ಮೇಲೆ ಸ್ವೀಡನ್ನಿನ ಒಂದು ಸಿನಿಮಾ ಇದೆ ಅಂತ ನನ್ನ ತಮ್ಮ ಆಮೇಲೆ ಹೇಳಿದ. 2014ರ 'ಫೋರ್ಸ್ ಮೆಜರ್', ನಿರ್ದೇಶಕ ರೂಬೆನ್ ಓಸ್ಟ್ಲುಂಡ್. ಹಿಮದ ಬೆಟ್ಟಕ್ಕೆ ರಜೆಗೆ ಹೋದ ಕುಟುಂಬ ಊಟಕ್ಕೆ ಕೂತಿರುವಾಗ ಹಿಮಕುಸಿತ ಅವರ ಕಡೆಗೇ ಬರುತ್ತದೆ. ಅಪ್ಪ ಹೆಂಡತಿ, ಇಬ್ಬರು ಮಕ್ಕಳನ್ನು ಬಿಟ್ಟು ಮೊಬೈಲ್ ಎತ್ತಿಕೊಂಡು ಓಡುತ್ತಾನೆ! ಯಾರಿಗೂ ಏನೂ ಆಗುವುದಿಲ್ಲ. ಆದರೆ ಹೆಂಡತಿ ಕೇಳಿದರೆ 'ನಾನು ಓಡಲೇ ಇಲ್ಲ' ಅನ್ನುತ್ತಾನೆ. ಸಂಸಾರ ಬಿರುಕು ಬಿಡುವುದು ಅಲ್ಲಿಂದ. ಹೆಂಡತಿಗೆ ಅವನು ಓಡಿದ್ದಕ್ಕಿಂತ ಒಪ್ಪಿಕೊಳ್ಳದೇ ಇದ್ದದ್ದು ಹೆಚ್ಚು ನೋಯುತ್ತದೆ. ನಾನೂ 'ಓಡಿಸಿ ಬಂದ್ವಿ' ಅಂದವಳೇ ತಾನೆ?

ಕ್ಷಮೆ ಕೇಳುವುದು ಹೇಗೆ?

ಆ ದಿನ ರಾತ್ರಿ ಊಟ ಆದ ಮೇಲೆ ಮಗಳ ಎದುರು ನೆಲದ ಮೇಲೆ ಕೂತೆ. ಎಷ್ಟೋ ಮಾತು ಜೋಡಿಸಿಕೊಂಡಿದ್ದೆ, ಎಲ್ಲ ಮರೆತವು. "ಆವತ್ತು ನಾಯಿ ಬಂದಾಗ ನಾ ನಿನ್ನ ಕೈ ಬಿಟ್ಟು ಓಡಿದೆ. ನನಗ ಭಾಳ ಅಂಜಿಕಿ ಬಂತು. ಖರೆ, ಕೈ ಬಿಟ್ಟಿದ್ದು ನನ್ನ ತಪ್ಪು. ನಿಂದೇನೂ ತಪ್ಪಿಲ್ಲ. ಪಪ್ಪಾಗ ನಾ ಸುಳ್ಳು ಹೇಳಿದ್ದೂ ತಪ್ಪು" ಅಂದೆ. ಅಷ್ಟೇ.

ಅವಳು ಸ್ವಲ್ಪ ಹೊತ್ತು ಬಣ್ಣದ ಪೆನ್ಸಿಲ್ ತಿರುಗಿಸುತ್ತಾ ಕೂತಳು. ಆಮೇಲೆ, "ನಂಗೂ ಓಡಬೇಕು ಅನಿಸಿತ್ತು ಮಮ್ಮಿ. ನನ್ನ ಚಪ್ಪಲ್ ಬಕ್ಕಲ್ ಬಿಚ್ಚಿತ್ತು. ಅದಕ್ಕ ನಿಂತೆ" ಅಂದಳು.

ನನಗೆ ನಗು, ಅಳು ಎರಡೂ ಬಂದವು. ನಾನು ನಾಲ್ಕು ದಿನ ಯಾವ ಧೈರ್ಯವಂತೆಯ ಎದುರು ಕುಗ್ಗಿದ್ದೆನೋ, ಅವಳನ್ನು ನಿಲ್ಲಿಸಿದ್ದು ಒಂದು ಬಕ್ಕಲ್ಲು!

ಕ್ಷಮೆ ಕೇಳುವಾಗ ನಾವು ಹೆಂಗಸರು ಸಾಮಾನ್ಯವಾಗಿ ಮಾಡುವ ಒಂದು ಎಡವಟ್ಟು ಇದೆ. ಅತ್ತು ಕರೆದು, "ನಾ ಕೆಟ್ಟ ಅಮ್ಮ ಅಲ್ಲಲ್ಲ? ನನ್ನ ಮ್ಯಾಲ ಸಿಟ್ಟಿಲ್ಲಲ್ಲ?" ಅಂತ ಮಗುವನ್ನೇ ಕೇಳಿಬಿಡುತ್ತೇವೆ. ಆಗ ಸಮಾಧಾನ ಮಾಡುವ ಕೆಲಸ ಮಗುವಿನ ತಲೆಗೆ ಬೀಳುತ್ತದೆ. ಅಳು ಬಂದರೆ ಬರಲಿ, ಅದನ್ನು ಗಂಡನ ಹತ್ತಿರವೋ ಅಕ್ಕತಂಗಿಯರ ಹತ್ತಿರವೋ ಅತ್ತು ಮುಗಿಸಿ. ಮಗುವಿಗೆ ಬೇಕಾದದ್ದು ನಡೆದದ್ದನ್ನು ನಡೆದ ಹಾಗೆ ಹೇಳುವ ನಾಲ್ಕು ಮಾತು. 'ಇನ್ನು ಮುಂದೆ ಎಂದೂ ಓಡುವುದಿಲ್ಲ' ಎಂಬ ಆಣೆ-ಪ್ರಮಾಣವನ್ನೂ ಮಾಡಬೇಡಿ. ಕಾಲು ನಮ್ಮ ಮಾತು ಕೇಳುತ್ತದೆಂಬ ಗ್ಯಾರಂಟಿ ಇಲ್ಲ. 'ನಿಲ್ಲೋದು ಕಲೀತೀನಿ' ಅನ್ನಿ. ಚಾಕೊಲೇಟು ಸಾಕು ಮಾಡಿ.

ತಾಯಿ-ಮಗುವಿನ ನಂಟಿನ ಬಗ್ಗೆ 1970ರ ದಶಕದಿಂದ ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರೋನಿಕ್ ಹೇಳಿದ್ದೂ ಇದಕ್ಕೆ ಹತ್ತಿರದ ಮಾತು. ಒಳ್ಳೆಯ ತಾಯಂದಿರಿಗೂ ಮಗುವಿನ ಜೊತೆ ತಾಳ ತಪ್ಪುತ್ತಲೇ ಇರುತ್ತದೆ. ತಪ್ಪಿದ ಮೇಲೆ ಮತ್ತೆ ಕೂಡಿಸಿಕೊಳ್ಳುವುದರಿಂದಲೇ ಮಗುವಿಗೆ ನಂಬಿಕೆ ಬೆಳೆಯುತ್ತದಂತೆ.

ಇನ್ನು ನಮ್ಮವರ ಕತೆ ಬಿಡಿ. ಎಲ್ಲ ಕೇಳಿ ನಕ್ಕರು. ನನಗೆ ಸಿಟ್ಟು ಬಂದದ್ದು ನೋಡಿ, ಫ್ಯಾಕ್ಟರಿ ಗೇಟಿನ ಹತ್ತಿರ ನಾಯಿ ಬೆನ್ನಟ್ಟಿದಾಗ ಬೈಕ್ ಮೇಲೆ ಎರಡೂ ಕಾಲೆತ್ತಿ ಕೂತದ್ದನ್ನು ತಾವೂ ಒಪ್ಪಿಕೊಂಡರು. ಅತ್ತೆಯ ವರಸೆಯೇ ಬೇರೆ. "ಗಾಣಗಾಪುರಕ್ಕ ಹೋದಾಗ ದತ್ತನ ನಾಯಿ ಅಂತ ಕರೆದು ಕರೆದು ತಿನ್ನಿಸ್ತಿ. ಓಣ್ಯಾಗಿನ ನಾಯಿ ದತ್ತಂದಲ್ಲೇನು?" ಅಂದರು. ಉತ್ತರ ಹೊಳೆಯಲಿಲ್ಲ. ಅಲ್ಲಿ ಪುಣ್ಯದ ಧೈರ್ಯ ಇರುತ್ತದೇನೋ!

ಕಲ್ಲೆಸೆದ ಗೆಳತಿಗೂ ನಾನು ಇದನ್ನೇ ಹೇಳಿದೆ. ಆ ಮನೆಗೆ ಹೋಗಿ, 'ನಿಮ್ಮ ನಾಯಿಗೆ ಕಲ್ಲು ಹೊಡೆದವಳು ನಾನು, ಹೆದರಿ ಹೊಡೆದೆ, ಡಾಕ್ಟರ ಖರ್ಚು ಏನಾಗಿದ್ದರೂ ಹೇಳಿ' ಅನ್ನು ಅಂತ. ಇನ್ನೂ ಹೋಗಿಲ್ಲ. ಹೋಗ್ತೀನಿ ಅಂತಿದ್ದಾರೆ.

ಗಿಡ ಆಗುವ ಆಟ

ಓಡುವುದನ್ನು ಬೆನ್ನಟ್ಟುವುದು ನಾಯಿಯ ಹುಟ್ಟುಗುಣ. ಆದ್ದರಿಂದಲೇ ಮಕ್ಕಳಿಗೆ 'ಮರದ ಹಾಗೆ ನಿಲ್ಲು' ಅಂತ ಹಲವು ದೇಶಗಳಲ್ಲಿ ಕಲಿಸುತ್ತಾರೆ. ನಾಯಿ ಬಂದರೆ ನಿಂತಲ್ಲೇ ನಿಲ್ಲುವುದು, ಕೈಗಳನ್ನು ಮೈಗೆ ಒತ್ತಿ ಕಟ್ಟಿಕೊಳ್ಳುವುದು, ಚೀರದೆ, ಅದರ ಕಣ್ಣಲ್ಲಿ ಕಣ್ಣಿಡದೆ ನಮ್ಮ ಪಾದ ನೋಡುವುದು. ಅದು ಮೂಸಿ ಹೋಗುವ ತನಕ ಕಾಯುವುದು. ಅಕಸ್ಮಾತ್ ಬಿದ್ದರೆ ಮುದುಡಿ ಕಲ್ಲಿನಂತಾಗಿ ಕಿವಿ, ಕುತ್ತಿಗೆ ಮುಚ್ಚಿಕೊಳ್ಳುವುದು. ಬಾಲ ಅಲ್ಲಾಡಿಸುವ ನಾಯಿಯೆಲ್ಲ ಸ್ನೇಹಕ್ಕೇ ಬಂದಿದೆ ಅನ್ನುವಂತಿಲ್ಲ. ಮರಿ ಹಾಕಿದ ನಾಯಿಯ ಹತ್ತಿರ ಸುಳಿಯಲೇಬಾರದು.

ಓದುವುದು ಸುಲಭ, ನಾಯಿ ಬಂದಾಗ ನೆನಪಾಗುವುದು ಕಷ್ಟ. ಹಾಗಾಗಿ ನಾವು ಮನೆಯಲ್ಲಿ ಆಟ ಮಾಡಿಕೊಂಡೆವು. ನಮ್ಮ ಕಡೆ ಮರಕ್ಕೂ ಗಿಡ ಅಂತಲೇ ಅನ್ನುವುದು. ಯಾರಾದರೂ ದಿಢೀರನೆ "ಗಿಡ!" ಅಂತ ಕೂಗಿದರೆ ಇದ್ದಲ್ಲೇ ಗಿಡ ಆಗಬೇಕು. ಒಲೆ ಮುಂದೆ ಇದ್ದರೂ ಬಿಡುವುದಿಲ್ಲ ನನ್ನ ಮಗಳು. ಒಮ್ಮೆ ಸಾರು ಉಕ್ಕಿತು.

ಒಂದು ವೇಳೆ ಕಡಿದೇಬಿಟ್ಟರೆ? ಅರಿಸಿನ, ಖಾರದ ಪುಡಿ, ಸುಣ್ಣ ಯಾವುದೂ ಬೇಡ. ಹರಿಯುವ ನೀರು, ಸೋಪು ಹಾಕಿ ಪೂರ್ತಿ 15 ನಿಮಿಷ ಗಾಯ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಬೇಕು. ಪರಚಿದ ಸಣ್ಣ ಗಾಯವನ್ನೂ ತೋರಿಸಬೇಕು. ಈಗಿನ ಇಂಜೆಕ್ಷನ್ ತೋಳಿಗೆ, ನಾಲ್ಕೋ ಐದೋ ಸಲ ಅಷ್ಟೇ. ಡಾಕ್ಟರು ಬರೆದುಕೊಟ್ಟ ತಾರೀಖು ಒಂದನ್ನೂ ತಪ್ಪಿಸುವಂತಿಲ್ಲ. ರಕ್ತ ಬಂದ ಗಾಯವಾದರೆ ಅದರ ಸುತ್ತಲೂ ಬೇರೆ ಒಂದು ಔಷಧ, ಇಮ್ಯುನೋಗ್ಲಾಬ್ಯುಲಿನ್ ಕೊಡುತ್ತಾರೆ. ಕೊಡದಿದ್ದರೆ ಕೇಳಿ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆನ್ನುವಷ್ಟು ಕಡಿಮೆ.

ಅಂಜಿಕೆ ಮನೆಯಿಂದ ಹೊರಗೆ ಕಾಲಿಡಲೂ ಬಿಡುತ್ತಿಲ್ಲ, ಮಗುವಿನ ಸ್ಕೂಲಿನ ತನಕವೂ ಹೋಗಲಾಗುತ್ತಿಲ್ಲ ಅನ್ನುವವರು, ಅಥವಾ ತಿಂಗಳಾದರೂ ಆ ಒಂದೇ ಕ್ಷಣ ಕಣ್ಣ ಮುಂದೆ ಬರುತ್ತಿದೆ ಅನ್ನುವವರು ಸಂಕೋಚ ಬಿಟ್ಟು ಮನೋವೈದ್ಯರನ್ನು ಕಾಣಬೇಕು. ದೂರದಿಂದ ನಾಯಿಯನ್ನು ನೋಡುವುದು, ಸ್ವಲ್ಪ ಹತ್ತಿರ, ಇನ್ನಷ್ಟು ಹತ್ತಿರ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಭಯ ಬಿಡಿಸುವ ಪದ್ಧತಿ ಇದೆ. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ.

ನಾವು ಮತ್ತೆ ವಾಕಿಂಗ್ ಶುರು ಮಾಡಿದ್ದು ಮೂರು ವಾರದ ನಂತರ. ಮೊದಲ ದಿನ ನಮ್ಮ ಓಣಿಯ ತಿರುವಿನ ತನಕ, ಮರುದಿನ ಟ್ರ್ಯಾಕ್ಟರ್ ನಿಲ್ಲುವ ಜಾಗದ ತನಕ. ಅದೇ ಕಂದು ನಾಯಿ ಎದ್ದು ಬಂತು. ಮಗಳು ನನಗಿಂತ ಮೊದಲು "ಗಿಡ!" ಅಂದಳು. ಇಬ್ಬರೂ ನಿಂತೆವು. ನನ್ನ ಮೊಣಕಾಲು ಗಡಗಡ ನಡುಗುತ್ತಿತ್ತು. ಎಷ್ಟು ಹೊತ್ತಾಯಿತೋ, ಅದು ನನ್ನ ಸೀರೆಯ ಅಂಚು ಮೂಸಿ, ಬೇಸರವಾದವರ ಹಾಗೆ ಹೋಗಿ ಮಲಗಿತು.

ಈಗ ಮನೆಯಿಂದ ಹೊರಡುವ ಮುಂಚೆ ಮಗಳು ಬಗ್ಗಿ ತನ್ನ ಚಪ್ಪಲಿಯ ಬಕ್ಕಲ್ ನೋಡಿಕೊಳ್ಳುತ್ತಾಳೆ. ಆಮೇಲೆ ನನ್ನದನ್ನೂ.