ಮೂಕಹಕ್ಕಿಯ ನೋವು

ಕೊಡಗಿನಲ್ಲಿ ಜೂನ್ ತಿಂಗಳಿನಲ್ಲಿ ಮಳೆ ಹಿಡಿಯಿತೆಂದರೆ ಕಕ್ಕಡ ಮಾಸ ಕಳೆಯುವವರೆಗೂ ಬಿಸಿಲು ಅಪರೂಪ. ಗೋಡೆಗಳು ತೇವಗೊಳ್ಳುತ್ತವೆ, ಕೂಡಿಟ್ಟ ಧಾನ್ಯಕ್ಕೂ ಬೂಷ್ಟು ಹಿಡಿಯುತ್ತದೆ. ಚಳಿಯಾದರೆ ನಾವು ಒಲೆಯ ಬಳಿ ಕೂರುತ್ತೇವೆ, ನೋವಾದರೆ ಹೇಳುತ್ತೇವೆ. ಜಗಲಿಯ ಪಂಜರದಲ್ಲಿರುವ ಹಕ್ಕಿಗೆ ಇವೆರಡೂ ಸಾಧ್ಯವಿಲ್ಲ.

ಹೇಳಲಾರದು ಎಂಬುದಷ್ಟೇ ಅಲ್ಲ, ಹಕ್ಕಿ ತನ್ನ ಕಾಯಿಲೆಯನ್ನು ಮರೆಮಾಡುತ್ತದೆ. ಬಯಲಿನಲ್ಲಿ ಸೊರಗಿದ ಹಕ್ಕಿಯೇ ಗಿಡುಗನಿಗೆ ಸುಲಭವಾದ ಬೇಟೆ. ಆದುದರಿಂದ ಶಕ್ತಿಯಿರುವಷ್ಟು ಕಾಲವೂ ಅದು ಆರೋಗ್ಯವಾಗಿರುವಂತೆ ತೋರಿಸಿಕೊಳ್ಳುತ್ತದೆ. ನಮ್ಮಲ್ಲಿ ‘ಲವ್ ಬರ್ಡ್ಸ್’ ಎಂದು ಮಾರುವ, ಆಸ್ಟ್ರೇಲಿಯ ಮೂಲದ ಬಡ್ಜರಿಗಾರ್ ಎಂಬ ಪುಟ್ಟ ಗಿಳಿಯು ಪಂಜರದಲ್ಲಿಯೇ ಹುಟ್ಟಿ ಬೆಳೆದರೂ ಈ ಸ್ವಭಾವವನ್ನು ಬಿಟ್ಟಿಲ್ಲ. ಅದರ ರೋಗ ನಮ್ಮ ಕಣ್ಣಿಗೆ ಬೀಳುವ ವೇಳೆಗೆ ಬಹಳ ತಡವಾಗಿರುವುದುಂಟು.

ಹಾಗಾದರೆ ಅದನ್ನು ಅರಿಯುವ ಬಗೆ ಹೇಗೆ? ಆರೋಗ್ಯದಿಂದಿರುವಾಗ ಹಕ್ಕಿ ಹೇಗಿರುತ್ತದೆಂಬುದನ್ನು ನಾವು ಮೊದಲು ತಿಳಿದಿರಬೇಕು. ಆಗ ಅದರ ಕಣ್ಣು ಹೊಳೆಯುತ್ತದೆ, ಗರಿಗಳು ನಯವಾಗಿರುತ್ತವೆ. ಹಕ್ಕಿಯ ಮೈಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್. ಈ ಶಾಖವನ್ನು ಉಳಿಸಿಕೊಳ್ಳಲಾಗದಾಗ ಅದು ಗರಿಗಳನ್ನು ಉಬ್ಬಿಸಿ, ನಡುವೆ ಗಾಳಿಯನ್ನು ಹಿಡಿದಿಡುತ್ತದೆ. ಹಗಲಿನಲ್ಲಿಯೂ ಹೀಗೆ ಮುದುಡಿ ಕುಳಿತು ತೂಕಡಿಸಿದರೆ ಅದು ಅಪಾಯದ ಸೂಚನೆ. ಉಸಿರಿನೊಡನೆ ಬಾಲವು ಮೇಲೆ ಕೆಳಗೆ ಆಡುವುದು ಉಸಿರಾಟದ ತೊಂದರೆಯ ಗುರುತು. ಬೂಷ್ಟಿನ ಕಣಗಳು ಶ್ವಾಸಕೋಶವನ್ನು ಸೇರಿದಾಗಲೂ ಹೀಗಾಗಬಹುದು. ಹಿಕ್ಕೆಯ ಬಣ್ಣ ಬದಲಾದುದು, ಎದೆಯ ಮೂಳೆ ಚೂಪಾಗಿ ಕೈಗೆ ತಗಲುವುದು, ಕೋಲನ್ನು ಬಿಟ್ಟು ಪಂಜರದ ತಳದಲ್ಲಿ ಕೂರುವುದು ಇವೂ ರೋಗದ ಲಕ್ಷಣಗಳೇ.

ಬಟ್ಟಲು ತುಂಬಿದೆಯೆಂದು ನೆಮ್ಮದಿಯಿಂದಿರಬಾರದು. ಈ ಗಿಳಿಯು ನವಣೆಯ ತಿರುಳನ್ನು ತಿಂದು ಸಿಪ್ಪೆಯನ್ನು ಅಲ್ಲಿಯೇ ಉದುರಿಸುತ್ತದೆ. ಮೆಲ್ಲನೆ ಊದಿ ನೋಡಿದರೆ ಬಟ್ಟಲಿನಲ್ಲಿರುವುದು ಕಾಳೋ ಬರಿಯ ಹೊಟ್ಟೋ ಎಂಬುದು ತಿಳಿಯುತ್ತದೆ.

ಲಕ್ಷಣ ಕಂಡೊಡನೆ ಹಕ್ಕಿಯನ್ನು ಬೇರೆಯಾಗಿರಿಸಿ, ಹೊಗೆಯೂ ಗಾಳಿಯ ಹೊಡೆತವೂ ಇಲ್ಲದ ಬೆಚ್ಚನೆಯ ಸ್ಥಳದಲ್ಲಿಟ್ಟು, ತಡಮಾಡದೆ ಪಶುವೈದ್ಯರಿಗೆ ತೋರಿಸಬೇಕು. ಮನುಷ್ಯರ ಔಷಧಿಯನ್ನು ಕೊಡಬಾರದು. ಕೆಲವು ರೋಗಗಳು ನಮಗೂ ಹರಡುವುದರಿಂದ ಕೈಗಳನ್ನು ಸಾಬೂನಿನಿಂದ ತೊಳೆಯಬೇಕು.

ನಮ್ಮ ಕಾಡಿನ ಗಿಳಿಗಳನ್ನು ಹಿಡಿದು ಸಾಕುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ನಿಷೇಧಿಸಿದೆ. ಸಾಕಲು ಅವಕಾಶವಿರುವ ಹಕ್ಕಿಯನ್ನು ತಂದವರ ಹೊಣೆಯಾದರೂ ಸಣ್ಣದಲ್ಲ. ಬಿಸಿಲನ್ನು ಅರಸಿ ಹಾರಿಹೋಗುವ ಸ್ವಾತಂತ್ರ್ಯವನ್ನು ಅದರಿಂದ ಕಿತ್ತುಕೊಂಡವರು ನಾವು. ದಿನಕ್ಕೆ ಐದು ನಿಮಿಷ ಅದನ್ನು ಕಣ್ಣಿಟ್ಟು ನೋಡುವುದು ನಾವು ತೋರುವ ದಯೆಯಲ್ಲ, ತೀರಿಸಬೇಕಾದ ಋಣ.