ಸ್ಲೈಡುಗಳ ಓದಿಗೊಂದು ಬೆಳಕಿನ ಪೀಠ

ಓಲೆಗರಿಯ ಕಟ್ಟನ್ನು ಬಿಚ್ಚಿ ಓದುವವರಿಗೆ ವ್ಯಾಸಪೀಠವು ಎಷ್ಟು ಅಗತ್ಯವೋ, ಛಾಯಾಚಿತ್ರದ ಪಾರದರ್ಶಿಕೆಯನ್ನು, ಎಂದರೆ ಬಳಕೆಯ ಮಾತಿನ ಸ್ಲೈಡನ್ನು ಓದುವವರಿಗೆ ಹಿಂಬದಿಯಿಂದ ಬೆಳಕು ಕೊಡುವ ಪೀಠವೂ ಅಷ್ಟೇ ಅಗತ್ಯ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನಮ್ಮ ಅನೇಕ ವಿದ್ವಾಂಸರೂ ಹವ್ಯಾಸಿಗಳೂ ಶಾಸನ, ವೀರಗಲ್ಲು, ಹಸ್ತಪ್ರತಿ, ಬಸದಿ ಮತ್ತು ದೇಗುಲಗಳನ್ನು ಸ್ಲೈಡುಗಳಲ್ಲಿ ಸೆರೆಹಿಡಿದರು. ಅವುಗಳನ್ನು ಸಭೆಯಲ್ಲಿ ತೋರಿಸುವ ಬಗೆಯನ್ನು ನಾವೆಲ್ಲ ಬಲ್ಲೆವು. ಒಬ್ಬರೇ ಕುಳಿತು ಅಕ್ಷರ ಅಕ್ಷರವಾಗಿ ಓದುವ ಬಗೆಯನ್ನು ಕುರಿತು ಆಲೋಚಿಸಿದ್ದು ಕಡಿಮೆ. ಅಂಥ ಓದಿಗೆಂದು ನಾವು ರೂಪಿಸಿದ ಸರಳ ಸಾಧನವೊಂದರ ತತ್ವವನ್ನೂ ರಚನೆಯನ್ನೂ ಪ್ರಸ್ತುತ ಲೇಖನದಲ್ಲಿ ವಿವರಿಸಲು ಯತ್ನಿಸಲಾಗಿದೆ.

ಮುಲುಂಡಿನ ಪೆಟ್ಟಿಗೆಗಳು

ಮುಂಬಯಿಯ ಈಶಾನ್ಯದ ಅಂಚಿನಲ್ಲಿ ಠಾಣೆಗೆ ತಾಗಿಕೊಂಡಿರುವ ಉಪನಗರ ಮುಲುಂಡ್. ಅದರ ಪಶ್ಚಿಮಕ್ಕೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಬೆಟ್ಟಸಾಲು. ಆ ಬೆಟ್ಟಗಳ ಆಚೆಗೆ ಕನ್ಹೇರಿಯ ಗುಹೆಗಳು. ಕನ್ಹೇರಿಯಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದ, ಅವನ ಸಾಮಂತರಾದ ಶಿಲಾಹಾರ ಪುಲ್ಲಶಕ್ತಿ ಮತ್ತು ಕಪರ್ದಿಗಳ ಹೆಸರುಳ್ಳ ಒಂಬತ್ತನೆಯ ಶತಮಾನದ ಶಾಸನಗಳಿವೆ. ಕವಿರಾಜಮಾರ್ಗವು ಹುಟ್ಟಿದ್ದು ಇದೇ ಅರಸನ ಆಸ್ಥಾನದಲ್ಲಿ ಎಂಬುದನ್ನು ನೆನೆದರೆ, ಈ ಬೆಟ್ಟದ ಬುಡದಲ್ಲಿ ಕನ್ನಡಿಗರೊಬ್ಬರು ಕ್ಯಾಮರಾ ಹಿಡಿದು ಹೊರಟದ್ದು ಆಕಸ್ಮಿಕವೆನಿಸದು.

ಅವರು ಉತ್ತರ ಕನ್ನಡದಿಂದ ಬಂದವರು. ಹಗಲು ಲಾಲ್ ಬಹಾದುರ್ ಶಾಸ್ತ್ರಿ ಮಾರ್ಗದ ಕಾರ್ಖಾನೆಯೊಂದರಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. 1970ರ ಮತ್ತು 1980ರ ದಶಕಗಳಲ್ಲಿ ರಜೆಗೆ ಊರಿಗೆ ಹೋದಾಗಲೆಲ್ಲ ಹಾದಿಬದಿಯ ವೀರಗಲ್ಲು, ಮಾಸ್ತಿಕಲ್ಲುಗಳ ಚಿತ್ರ ತೆಗೆದರು. ಭಾನುವಾರಗಳಂದು ಕನ್ಹೇರಿಗೂ ಬೊರಿವಲಿಯ ಏಕ್ಸರಿನ ವೀರಗಲ್ಲುಗಳಿಗೂ ಹೋಗಿಬಂದರು. ನೌಕಾಯುದ್ಧದ ದೃಶ್ಯಗಳುಳ್ಳ ಏಕ್ಸರಿನ ಕಲ್ಲುಗಳು ವಿದ್ವಾಂಸರಿಗೆ ಪರಿಚಿತವೇ. ಅವರ ಕಾಲಾನಂತರ ಅವರ ಮಗಳು ನಾಲ್ಕು ಮರದ ಪೆಟ್ಟಿಗೆಗಳನ್ನು ನಮ್ಮ ಮುಂದಿಟ್ಟು, "ಇದರಲ್ಲಿ ಓದುವಂಥದ್ದು ಏನಾದರೂ ಉಂಟೇ, ನೋಡಿ ಸರ್" ಎಂದರು. ಸೂಚಿ ಸಿದ್ಧವಾಗುವ ತನಕ ಪೆಟ್ಟಿಗೆಗಳನ್ನು ಅಲುಗಿಸಬಾರದೆಂದು ನಿರ್ಧರಿಸಿ, ಎರಡು ಬೇಸಗೆ ರಜೆಗಳಲ್ಲಿ ನಾವು ಮುಲುಂಡಿನಲ್ಲೇ ಕುಳಿತು ಕೆಲಸ ಮಾಡಿದೆವು.

ಓದುವಂಥದ್ದು ಇತ್ತು. ದೇವಸ್ಥಾನವೊಂದರ ಜೀರ್ಣೋದ್ಧಾರದಲ್ಲಿ ಎಣ್ಣೆಬಣ್ಣ ಬಳಿಸಿಕೊಂಡು, ಅಕ್ಷರದ ಗೀರುಗಳಲ್ಲಿ ಸಿಮೆಂಟು ತುಂಬಿಸಿಕೊಂಡ ವೀರಗಲ್ಲೊಂದನ್ನು ನಾವು ಹಿಂದೆಯೇ ಕಂಡಿದ್ದೆವು. ಆ ಕಲ್ಲು ಬಣ್ಣ ಕಾಣುವ ಮೊದಲು ಹೇಗಿತ್ತೆಂಬುದಕ್ಕೆ ನಮಗೆ ದೊರೆತ ಸಾಕ್ಷಿ ಈ ಪೆಟ್ಟಿಗೆಯ ಎರಡು ಸ್ಲೈಡುಗಳು ಮಾತ್ರ.

ತೋರಿಸುವ ಬೆಳಕು, ಓದುವ ಬೆಳಕು

ಪಾರದರ್ಶಕ ಚಿತ್ರವನ್ನು ತೆರೆಯ ಮೇಲೆ ಮೂಡಿಸುವ ಪರಂಪರೆ ಈ ಪ್ರದೇಶಕ್ಕೆ ಹೊಸದಲ್ಲ. ಇದೇ ರೈಲುಮಾರ್ಗದಲ್ಲಿ ಮುಂದಿರುವ ಕಲ್ಯಾಣದ ಮಹಾದೇವ ಪಟವರ್ಧನರು ಗಾಜಿನ ಮೇಲೆ ಕೈಯಿಂದ ಬರೆದ ಚಿತ್ರಗಳನ್ನು ದೀಪಯಂತ್ರದಿಂದ ತೋರಿಸುವ 'ಶಾಂಬರಿಕ ಖರೋಲಿಕಾ'ವನ್ನು 1892ರಲ್ಲಿ ಆರಂಭಿಸಿದರು. 1935ರಲ್ಲಿ ಕೊಡಾಕ್ರೋಮ್ ಫಿಲ್ಮು ಬಂದ ಮೇಲೆ ಬಣ್ಣದ ಸ್ಲೈಡು ಜನಸಾಮಾನ್ಯರ ಕೈಗೆ ಎಟುಕತೊಡಗಿತು. 24 ಮಿ.ಮೀ. ಎತ್ತರ, 36 ಮಿ.ಮೀ. ಅಗಲದ ಚಿತ್ರ, ಅದಕ್ಕೆ 50 ಮಿ.ಮೀ. ಚೌಕದ ರಟ್ಟಿನ ಅಥವಾ ಪ್ಲಾಸ್ಟಿಕ್ಕಿನ ಚೌಕಟ್ಟು. ಆ ಯುಗ ಮುಗಿದಿದೆ. ಕೊಡಾಕ್ ಸಂಸ್ಥೆ 2004ರಲ್ಲಿ ಸ್ಲೈಡು ಪ್ರೊಜೆಕ್ಟರುಗಳ ತಯಾರಿಕೆಯನ್ನು ನಿಲ್ಲಿಸಿತು. ಕೊಡಾಕ್ರೋಮ್ ಸಂಸ್ಕರಿಸುತ್ತಿದ್ದ ಕೊನೆಯ ಪ್ರಯೋಗಾಲಯವು 2010ರ ಡಿಸೆಂಬರಿನ ಬಳಿಕ ಹೊಸ ಸುರುಳಿಗಳನ್ನು ಸ್ವೀಕರಿಸಲಿಲ್ಲ. ಉಳಿದಿರುವುದು ಪೆಟ್ಟಿಗೆಗಳು.

ಪ್ರೊಜೆಕ್ಟರಿನ ಬೆಳಕು ಸಭೆಗಾಗಿ ಇರುವುದು. ಅದು ತೀಕ್ಷ್ಣ, ಅದರ ಜೊತೆಗೆ ಶಾಖವೂ ಬರುತ್ತದೆ. ಕೊಡಾಕ್ರೋಮಿನ ಬಣ್ಣಗಳು ಕತ್ತಲಲ್ಲಿ ಬಹುಕಾಲ ಬಾಳುತ್ತವೆಯಾದರೂ ಪ್ರೊಜೆಕ್ಟರಿನ ಬೆಳಕಿನಲ್ಲಿ ಬೇಗ ಮಾಸುತ್ತವೆ ಎಂಬುದು ಗಮನಾರ್ಹ. ನಾವೂ ಒಂದು ತಪ್ಪು ಮಾಡಿದೆವು. ಮೊದಲ ಬೇಸಗೆಯಲ್ಲಿ ತಂತಿಬಲ್ಬಿನ ಹಳೆಯ ನೋಟಕವೊಂದರಲ್ಲಿ ಕನ್ಹೇರಿಯ ಸ್ಲೈಡನ್ನಿಟ್ಟು, ಪಾಠವನ್ನು ನಕಲು ಮಾಡಿಕೊಳ್ಳುತ್ತ ಗಂಟೆಗೂ ಮಿಕ್ಕಿ ಕುಳಿತೆವು. ಬಿಸಿಗೆ ಫಿಲ್ಮು ನಡುವೆ ಉಬ್ಬಿತು. ಅದು ಮತ್ತೆ ಮೊದಲಿನ ಸಮತಲಕ್ಕೆ ಬರಲಿಲ್ಲ. ಓಲೆಗರಿಯನ್ನು ದೀಪದ ಸೊಡರಿಗೆ ಹಿಡಿದು ಓದಿದಂತಾಯಿತು. ಬೆಳಕಿನ ಪೀಠದ ಆಲೋಚನೆ ಆ ದಿನ ಹುಟ್ಟಿತು.

ಪೀಠದ ರಚನೆ

ಓದುವ ಬೆಳಕಿಗೆ ನಾಲ್ಕು ಗುಣಗಳಿರಬೇಕೆಂದು ನಮ್ಮ ಅಭಿಪ್ರಾಯ: ಅದು ಎಲ್ಲೆಡೆ ಸಮವಾಗಿರಬೇಕು, ತಣ್ಣಗಿರಬೇಕು, ಬಣ್ಣವನ್ನು ಕೆಡಿಸಬಾರದು, ಮತ್ತು ಅಗತ್ಯವಿದ್ದಷ್ಟು ಹೊತ್ತು ಮಾತ್ರ ಉರಿಯಬೇಕು. ಇವನ್ನು ಸಾಧಿಸಲು ದುಬಾರಿ ಯಂತ್ರ ಬೇಕಿಲ್ಲ. ಮುಂಬಯಿಯಲ್ಲಿ 'ಗಾಲಾ' ಎಂದು ಕರೆಯುವ ಸಣ್ಣ ಕಾರ್ಯಾಗಾರವೊಂದರಲ್ಲಿ ಪ್ಲೈವುಡ್ಡನ್ನೂ ಅಕ್ರಿಲಿಕ್ ಹಾಳೆಯನ್ನೂ ಕತ್ತರಿಸಿಕೊಂಡೆವು. ದೀಪದ ಸಾಮಗ್ರಿ ಗ್ರಾಂಟ್ ರೋಡ್ ನಿಲ್ದಾಣದ ಬಳಿಯ ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳಲ್ಲಿ ದೊರೆಯಿತು.

ಪೆಟ್ಟಿಗೆಯ ಒಳ ಅಳತೆ 160 ಮಿ.ಮೀ. ಚೌಕ, ಒಳಗೋಡೆಗೆ ಹೊಳಪಿಲ್ಲದ ಬಿಳಿ ಬಣ್ಣ. ತಳದಲ್ಲಿ 12 ವೋಲ್ಟಿನ ಎಲ್.ಇ.ಡಿ. ಪಟ್ಟಿ. ಮೀಟರಿಗೆ 60 ದೀಪಗಳಿರುವ ಪಟ್ಟಿಯನ್ನು ಮೂರು ಮೂರು ದೀಪಗಳಿಗೊಮ್ಮೆ, ಎಂದರೆ ಪ್ರತಿ 5 ಸೆಂ.ಮೀ.ಗೆ ಕತ್ತರಿಸಬಹುದು. ಹೀಗೆ 15 ಸೆಂ.ಮೀ. ಉದ್ದದ ಎಂಟು ತುಂಡುಗಳನ್ನು 20 ಮಿ.ಮೀ. ಅಂತರದ ಸಾಲುಗಳಲ್ಲಿ ಅಂಟಿಸಿದೆವು. ಒಟ್ಟು 72 ದೀಪಗಳು. ಮೀಟರಿಗೆ 4.8 ವ್ಯಾಟ್ ಬಳಸುವ ಪಟ್ಟಿಯಾದರೆ ಎಲ್ಲವೂ ಸೇರಿ 6 ವ್ಯಾಟನ್ನು ಮೀರದು. ಒಂದು ಆಂಪಿಯರಿನ ಅಡಾಪ್ಟರು ಸಾಕು; ಮನೆಯ ವಿದ್ಯುತ್ತು ಪೆಟ್ಟಿಗೆಯೊಳಕ್ಕೆ ಬರುವುದೇ ಇಲ್ಲ.

ದೀಪಗಳ ಮೇಲೆ 60 ಮಿ.ಮೀ. ಎತ್ತರದಲ್ಲಿ 3 ಮಿ.ಮೀ. ದಪ್ಪದ ಹಾಲುಬಿಳಿ ಅಕ್ರಿಲಿಕ್ ಹಾಳೆಯನ್ನು ಕೂರಿಸಬೇಕು. ಈ ಎತ್ತರದ ಮರ್ಮವನ್ನು ತಿಳಿಯದೆ ಮಾಡಿದ ಪೆಟ್ಟಿಗೆಗಳಲ್ಲಿ ದೀಪಗಳು ಚುಕ್ಕಿ ಚುಕ್ಕಿಯಾಗಿ ಕಾಣುತ್ತವೆ. ಹಾಳೆಯು ದೀಪಗಳ ನಡುವಣ ಅಂತರಕ್ಕಿಂತ ಸಾಕಷ್ಟು ದೂರವಿದ್ದಾಗ ಮಾತ್ರ ಒಂದು ದೀಪದ ಬೆಳಕು ಪಕ್ಕದ ದೀಪದ ಬೆಳಕಿನಲ್ಲಿ ಬೆರೆಯುತ್ತದೆ. ಅಂಚುಗಳಲ್ಲಿ ಬೆಳಕು ಕುಗ್ಗುವುದು ಸಹಜವಾದ್ದರಿಂದ ನಡುವಿನ 110 ಮಿ.ಮೀ. ಚೌಕವನ್ನಷ್ಟೇ ಬಿಟ್ಟು ಉಳಿದುದನ್ನು ಕಪ್ಪು ಕಾಗದದಿಂದ ಮುಚ್ಚಬೇಕು. ಅಲ್ಲಿ ನಾಲ್ಕು ಸ್ಲೈಡುಗಳು ಹಿಡಿಯುತ್ತವೆ. ಕಪ್ಪು ಅಂಚಿನಿಂದ ಇನ್ನೊಂದು ಪ್ರಯೋಜನವುಂಟು: ಪಕ್ಕದ ಪ್ರಖರ ಬೆಳಕಿಗೆ ಕಣ್ಣು ಕೋರೈಸದೆ ಸ್ಲೈಡಿನ ನೆರಳಿನ ಭಾಗಗಳಲ್ಲಿ ಅಡಗಿದ ವಿವರ ತೋರುತ್ತದೆ. ಸ್ಲೈಡನ್ನು ನೇರವಾಗಿ ಹಾಳೆಯ ಮೇಲಿಡದೆ 15 ಮಿ.ಮೀ. ಎತ್ತರದ ಚೌಕಟ್ಟಿನಲ್ಲಿ ಕೂರಿಸಿದರೆ ಹಾಳೆಯ ಮೇಲಿನ ಧೂಳು ಅಕ್ಷರಗಳ ನಡುವೆ ಬಿಂದುವಾಗಿ ಕಾಣಿಸಿಕೊಳ್ಳದು.

ಬೆಳಕಿನ ಬಣ್ಣಕ್ಕೆ ಸಂಬಂಧಿಸಿದಂತೆ, ಪಾರದರ್ಶಿಕೆಗಳ ವೀಕ್ಷಣೆಗೆ ಅಂತರರಾಷ್ಟ್ರೀಯ ಮಾನಕವು 5000 ಕೆಲ್ವಿನ್ನಿನ ಬಿಳಿಬೆಳಕನ್ನು ಸೂಚಿಸುತ್ತದೆ. ಅಷ್ಟೇ ಸಾಲದು, ಬಣ್ಣಗಳನ್ನು ಯಥಾರ್ಥವಾಗಿ ತೋರುವ ಗುಣದ ಸೂಚ್ಯಂಕವು 90ಕ್ಕೆ ಕಡಿಮೆಯಿರದ ದೀಪಗಳನ್ನು ಕೇಳಿ ಪಡೆಯಬೇಕು. ಅಗ್ಗದ ದೀಪಗಳಲ್ಲಿ ಗಾಢ ಕೆಂಪಿನ ಅಂಶ ಕಡಿಮೆ. ಕಲ್ಲಿಗೆ ಮೆತ್ತಿದ ಕುಂಕುಮ, ಕಾವಿ, ಕಲ್ಲುಹೂವು, ಇವುಗಳ ಭೇದ ಅಂಥ ಬೆಳಕಿನಲ್ಲಿ ಮಸುಕಾಗುತ್ತದೆ. ಮೂಡುಬಿದಿರೆಯ ಧವಳಾ ಓಲೆಗರಿಗಳಂಥ ಸಚಿತ್ರ ಪ್ರತಿಗಳ ಸ್ಲೈಡುಗಳನ್ನು ನೋಡುವವರಿಗೆ ಇದು ಇನ್ನೂ ಮುಖ್ಯ.

ಬೆಳಕನ್ನು ಕುಗ್ಗಿಸಲು ಅಂಗಡಿಯ ಸಾಮಾನ್ಯ ಡಿಮ್ಮರನ್ನು ಬಳಸಬಾರದು. ಅದು ದೀಪವನ್ನು ಅತಿವೇಗವಾಗಿ ಆರಿಸಿ ಹೊತ್ತಿಸುತ್ತದೆ. ಕಣ್ಣಿಗೆ ತಿಳಿಯದಿದ್ದರೂ ಕ್ಯಾಮರಾದಲ್ಲಿ ಪ್ರತಿ ತೆಗೆಯುವಾಗ ಅಡ್ಡಪಟ್ಟೆಗಳು ಬೀಳುತ್ತವೆ. ನಾವು ಎಂಟು ಸಾಲುಗಳನ್ನು ಒಂದು ಬಿಟ್ಟು ಒಂದರಂತೆ ಎರಡು ಗುಂಪು ಮಾಡಿ ಬೇರೆ ಬೇರೆ ಸ್ವಿಚ್ಚುಗಳಿಗೆ ಜೋಡಿಸಿದೆವು. ಒಂದೇ ಗುಂಪು ಉರಿದಾಗ ಸಾಲುಗಳ ಅಂತರ 40 ಮಿ.ಮೀ. ಆದರೂ ಹಾಳೆಯು 60 ಮಿ.ಮೀ. ದೂರದಲ್ಲಿರುವುದರಿಂದ ಸಮತೆಗೆ ಹೇಳಿಕೊಳ್ಳುವಷ್ಟು ಭಂಗ ಬರುವುದಿಲ್ಲ. ಇದಲ್ಲದೆ ಕರೆಗಂಟೆಯ ಗುಂಡಿಯೊಂದನ್ನು ಪೀಠದ ಅಂಚಿಗೆ ಕೂರಿಸಿದ್ದೇವೆ. ಓದುವವರು ಅದನ್ನು ಒತ್ತಿರುವಷ್ಟು ಹೊತ್ತು ಮಾತ್ರ ಬೆಳಕು. ಬರೆದುಕೊಳ್ಳಲು ಕೈಯೆತ್ತಿದೊಡನೆ ಕತ್ತಲು. ಪ್ರತಿ ತೆಗೆಯುವ ಸಂದರ್ಭಕ್ಕೆ ಮಾತ್ರ ಸಾಮಾನ್ಯ ಸ್ವಿಚ್ಚು.

ಭೂತಗನ್ನಡಿಯಾಗಿ ಹಳೆಯ ಕ್ಯಾಮರಾದ 50 ಮಿ.ಮೀ. ಲೆನ್ಸೇ ಉತ್ತಮ. ಸಾಮಾನ್ಯ ದೃಷ್ಟಿದೂರವಾದ 250 ಮಿ.ಮೀ.ಯನ್ನು ಸಂಗಮದೂರದಿಂದ ಭಾಗಿಸಿದರೆ ಹಿಗ್ಗುವಿಕೆ ತಿಳಿಯುತ್ತದೆ. ಇಲ್ಲಿ ಐದು ಪಟ್ಟು. 36 ಮಿ.ಮೀ. ಅಗಲದ ಚಿತ್ರವು ಕೈಯಲ್ಲಿ ಹಿಡಿದ 18 ಸೆಂ.ಮೀ. ಅಗಲದ ಮುದ್ರಿತ ಚಿತ್ರದಂತೆ ಕಾಣುತ್ತದೆ. ಕ್ಯಾಮರಾಕ್ಕೆ ಕೂಡುವ ಬದಿ ಸ್ಲೈಡಿನ ಕಡೆಗೂ ಮುಂಬದಿ ಕಣ್ಣಿನ ಕಡೆಗೂ ಇರಬೇಕು; ಒಳಗಿನ ರಂಧ್ರವನ್ನು ಪೂರ್ತಿ ತೆರೆದಿಡಬೇಕು.

ಬಲಮಗ್ಗುಲು, ತಲೆ ಮತ್ತು ಕಾಲು

ಓಲೆಗರಿಯಂತೆ ಸ್ಲೈಡಿಗೂ ಎರಡು ಮುಖಗಳಿವೆ. ನುಣುಪಾಗಿ ಹೊಳೆಯುವ ಮುಖ ಕಣ್ಣಿನ ಕಡೆಗಿದ್ದರೆ ಬರಹ ನೇರವಾಗಿ ಓದಿಸಿಕೊಳ್ಳುತ್ತದೆ. ಲೇಪವಿರುವ ಮಂಕು ಮುಖ ಮೇಲಾದರೆ ಕನ್ನಡಿಯ ಬಿಂಬದಂತೆ ತಿರುವುಮುರುವಾಗುತ್ತದೆ. ಸ್ಪಷ್ಟ ಅಕ್ಷರಗಳಲ್ಲಿ ಈ ತಪ್ಪು ಕೂಡಲೇ ಗೊತ್ತಾಗುತ್ತದೆ, ಸವೆದ ಕಲ್ಲಿನಲ್ಲಿ ಗೊತ್ತಾಗುವುದಿಲ್ಲ. ತಲೆಕೆಳಗಾಗಿ ಇಟ್ಟಾಗಲಂತೂ ಇನ್ನೂ ವಿಚಿತ್ರ. ಬೆಳಕು ಮೇಲಿನಿಂದಲೇ ಬೀಳುತ್ತದೆಂದು ನಮ್ಮ ಕಣ್ಣು ನಂಬುವುದರಿಂದ ಕೊರೆದ ಗೀರು ಉಬ್ಬಾಗಿ, ಉಬ್ಬು ತಗ್ಗಾಗಿ ತೋರುತ್ತದೆ. ಸರಿಯಾಗಿಟ್ಟ ಪ್ರತಿ ಸ್ಲೈಡಿನ ಕೆಳಗಿನ ಎಡಮೂಲೆಯಲ್ಲಿ ಚುಕ್ಕಿಯಿಡುವುದು ಹಿಂದಿನಿಂದ ಬಂದ ಪದ್ಧತಿ. ಆ ಅಧ್ಯಾಪಕರು ಅದನ್ನು ಒಂದೂ ಬಿಡದೆ ಪಾಲಿಸಿದ್ದರು.

ಎರಡು ಸ್ಲೈಡು, ಒಂದು ಪಾಠ

ಗ್ರಂಥಸಂಪಾದಕನಿಗೆ ಒಂದು ಪ್ರತಿ ಸಾಲದು. ಎರಡನ್ನು ಎದುರುಬದುರಿಗಿಟ್ಟಾಗಲೇ ಪಾಠಶುದ್ಧಿ ಸಾಧ್ಯ. ಸ್ಲೈಡುಗಳಿಗೂ ಇದೇ ನ್ಯಾಯ. ಮೇಲೆ ಹೇಳಿದ ವೀರಗಲ್ಲು ದಕ್ಷಿಣಕ್ಕೆ ಮುಖಮಾಡಿ ನಿಂತದ್ದು. ಒಂದು ಸ್ಲೈಡನ್ನು ಬೆಳಿಗ್ಗೆ ಬಲದಿಂದ ಬಿಸಿಲು ಬೀಳುವಾಗಲೂ ಇನ್ನೊಂದನ್ನು ಸಂಜೆ ಎಡದಿಂದ ಬೀಳುವಾಗಲೂ ತೆಗೆಯಲಾಗಿದೆ. ಕೊರೆದ ಗೀರಿನಲ್ಲಿ ಬೆಳಗಿನ ಚಿತ್ರದ ನೆರಳು ಬಲದಂಚಿಗೆ ಇರುತ್ತದೆ, ಸಂಜೆಯದು ಎಡದಂಚಿಗೆ. ಎರಡರಲ್ಲೂ ನೆರಳು ಮಗ್ಗುಲು ಬದಲಿಸಿದರೆ ಅದು ಕಲ್ಲಿನ ತಗ್ಗು. ಬದಲಿಸದೆ ಒಂದೇ ತೆರನಾಗಿ ಕಪ್ಪಾಗಿದ್ದರೆ ಕಲೆ. ಎರಡು ಸ್ಲೈಡುಗಳ ಹಿಂದಿನ ಬೆಳಕು ಸಮವಾಗಿರದಿದ್ದರೆ ಈ ಪರೀಕ್ಷೆ ನಡೆಯದು. ಪೀಠಕ್ಕೆ ಸಮತೆಯೇ ಮೊದಲ ಗುಣವೆಂದು ನಾವು ಹಟ ಹಿಡಿದುದು ಈ ಕಾರಣಕ್ಕೆ.

ಒಂದೇ ಸ್ಲೈಡನ್ನು ಹಳೆಯ ನೋಟಕದಲ್ಲಿ ನೋಡಿ ನಾವು ವೀರನ ಹೆಸರಿನ ಕೊನೆಗೆ ಸೊನ್ನೆಯೊಂದನ್ನು ಓದಿದ್ದೆವು. ಪೀಠದ ಮೇಲೆ ಎರಡನ್ನೂ ಇಟ್ಟಾಗ ಆ ಸೊನ್ನೆಯ ನೆರಳು ಕದಲಲಿಲ್ಲ. ಅದು ಕಲ್ಲುಹೂವಿನ ಕಲೆ. ನಮ್ಮ ಪಾಠವನ್ನು ತಿದ್ದಿಕೊಂಡೆವು. ಅದರ ಮುಂದಿನ ಅಕ್ಷರವನ್ನು ಇನ್ನೂ ಓದಲಾಗಿಲ್ಲ. ಓದಿದೆವೆಂದು ಹೇಳುವುದೂ ಇಲ್ಲ.

ಮಳೆಗಾಲದ ಎಚ್ಚರ

ಮುಲುಂಡಿನ ಮಳೆಗಾಲದಲ್ಲಿ ಗೋಡೆಗಳೇ ಬೆವರುತ್ತವೆ. ಸ್ಲೈಡಿನ ಲೇಪದಲ್ಲಿರುವ ಜೆಲಟಿನ್ನು ಬೂಷ್ಟಿಗೆ ಒಳ್ಳೆಯ ಆಹಾರ. ಎರಡು ಗಾಜುಗಳ ನಡುವೆ ಬಿಗಿದ ಸ್ಲೈಡುಗಳಲ್ಲಿ ತೇವ ಸಿಕ್ಕಿಕೊಳ್ಳುವುದರಿಂದ ಅವನ್ನು ಮೊದಲು ಪರಿಶೀಲಿಸಬೇಕು. ಬೂಷ್ಟು ಹಿಡಿದ ಲೇಪವು ನೀರಿನಲ್ಲಿ ಕರಗುವ ಸ್ಥಿತಿಗೆ ಬಂದಿರುವುದರಿಂದ ಒದ್ದೆ ಬಟ್ಟೆಯಿಂದ ಎಂದೂ ಒರೆಸಕೂಡದು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಟ್ಟು, ಅದು ತೇವ ಹೀರಿ ಬಣ್ಣ ಬದಲಿಸಿದಾಗ ಒಣಗಿಸಿ ಮತ್ತೆ ಇಡುವುದು ಮನೆಯಲ್ಲೇ ಆಗುವ ರಕ್ಷೆ.

ಸ್ಲೈಡುಗಳನ್ನು ಗಣಕಯಂತ್ರಕ್ಕೆ ಇಳಿಸಿಬಿಟ್ಟರೆ ಇಷ್ಟೆಲ್ಲ ಏಕೆಂಬ ಪ್ರಶ್ನೆ ಸಹಜ. ಇಳಿಸಲೇಬೇಕು; ಅದಕ್ಕೂ ಇದೇ ಪೀಠ ನೆರವಾಗುತ್ತದೆ. ಆದರೆ ಯಾವ ಮುಖ ಮೇಲಿತ್ತು, ಚುಕ್ಕಿ ಯಾವ ಮೂಲೆಯಲ್ಲಿತ್ತು, ಚೌಕಟ್ಟಿನ ಮೇಲೆ ಪೆನ್ಸಿಲಿನಲ್ಲಿ ಏನು ಬರೆದಿತ್ತು ಎಂಬುದನ್ನು ಗುರುತಿಸದೆ ತೆಗೆದ ಪ್ರತಿಯು ಮೂಲದ ತಪ್ಪು ಪ್ರತಿಯೇ ಆದೀತು. ಮೊದಲು ಓದು, ಆಮೇಲೆ ನಕಲು.

ಕನ್ನಡಿಗರ ಮನೆಗಳ ಅಟ್ಟದಲ್ಲಿ, ಕಪಾಟಿನ ಮೇಲಣ ತಟ್ಟಿನಲ್ಲಿ ಇಂಥ ಪೆಟ್ಟಿಗೆಗಳು ಇನ್ನೆಷ್ಟೋ ಇರಬೇಕು. ಅವನ್ನು ತೆರೆಯುವವರು ತೆರೆಗೂ ಪ್ರೊಜೆಕ್ಟರಿಗೂ ಹುಡುಕುವ ಬದಲು ಒಂದು ಪೀಠವನ್ನು ಮಾಡಿಕೊಂಡು, ಒಂದೊಂದನ್ನೂ ಬಲಮಗ್ಗುಲಾಗಿ ಇಟ್ಟು, ಸ್ವಲ್ಪವೇ ಬೆಳಕಿನಲ್ಲಿ ಓದಲೆಂದು ಆಶಿಸುತ್ತೇವೆ. ಮುಲುಂಡಿನ ನಾಲ್ಕು ಪೆಟ್ಟಿಗೆಗಳಲ್ಲಿ ಎರಡರ ಸೂಚಿ ಮುಗಿದಿದೆ. ಇನ್ನೆರಡನ್ನು ಮುಂದಿನ ಬೇಸಗೆಯಲ್ಲಿ ಕೈಗೆತ್ತಿಕೊಳ್ಳುವೆವು.