ಕೆಲಸವಿದೆ, ದಿನ ತುಂಬುವುದಿಲ್ಲ

ರೇಷ್ಮೆಹುಳು ನಾಲ್ಕು ಜ್ವರ (ಪೊರೆ ಬಿಡುವ ಹಂತ) ದಾಟಿ ಹಣ್ಣಾಗಲು ಹೆಚ್ಚುಕಡಿಮೆ 25 ದಿನ ಹಿಡಿಯುತ್ತದೆ. ಕೊನೆಯ ಜ್ವರ ಎದ್ದ ಮೇಲಂತೂ ರಾಮನಗರ, ಕನಕಪುರ, ಮಾಗಡಿ ಕಡೆಯ ಹುಳು ಮನೆಗಳಲ್ಲಿ ಯಾರಿಗೂ ನಿದ್ದೆಯಿಲ್ಲ. ಸೊಪ್ಪು ಕೊಯ್ಯಬೇಕು, ಹೊರಬೇಕು, ಹೊತ್ತುಹೊತ್ತಿಗೆ ಹಾಕಬೇಕು, ಹಣ್ಣಾದ ಹುಳು ಆಯ್ದು ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು. ಗೂಡು ಮಾರುಕಟ್ಟೆ ಸೇರಿದ ಮೇಲೆ ಮುಂದಿನ ಚಾಕಿ ಹುಳು (ಎಳೆಯ ಹುಳು) ಬರುವತನಕ ಮನೆ ತಣ್ಣಗಾಗುತ್ತದೆ. ಆ ಬಿಡುವಿನ ವಾರದಲ್ಲಿ ಸಮೀಕ್ಷೆಯವರು ಬಂದು ಮನೆಯ ಸೊಸೆಯನ್ನು ‘ಏನು ಕೆಲಸ ಮಾಡ್ತೀರಮ್ಮ?’ ಎಂದರೆ, ಆಕೆ ‘ಏನೂ ಇಲ್ಲ, ಮನೇಲೇ ಇರ್ತೀನಿ’ ಎನ್ನುವ ಸಂಭವವೇ ಹೆಚ್ಚು. ಆಕೆ ಉದ್ಯೋಗಿಯೋ, ನಿರುದ್ಯೋಗಿಯೋ, ಎರಡೂ ಅಲ್ಲವೋ? ಕಾರ್ಮಿಕ ಅರ್ಥಶಾಸ್ತ್ರಜ್ಞರ ವೃತ್ತಿಯ ಅರ್ಧ ಭಾಗ ಸವೆಯುವುದು ಇಂಥ ಪ್ರಶ್ನೆಗಳಲ್ಲೇ. ನನ್ನ ಮಟ್ಟಿಗೆ ಆ ವೃತ್ತಿಯ ಬೆಲೆಯಿರುವುದೂ ಇಲ್ಲೇ: ಉತ್ತರ ಕೊಡುವುದಕ್ಕಿಂತ ಮುಂಚೆ ಪ್ರಶ್ನೆಯನ್ನು ಸರಿಯಾಗಿ ಕೇಳಿಕೊಳ್ಳುವುದರಲ್ಲಿ.

ಈ ಮಾತನ್ನು ಬಹಳ ಮೊದಲೇ ಎತ್ತಿದವರು ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್. ಬ್ರಿಟಿಷ್ ಅರ್ಥಶಾಸ್ತ್ರಜ್ಞ ಕೇನ್ಸ್ ಕಾಲದ ಕೇಂಬ್ರಿಜ್‌ನಲ್ಲಿ ಓದಿ, ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಕಟ್ಟಿ, ಬಳ್ಳಾರಿಯಿಂದ ಲೋಕಸಭೆಗೆ ಗೆದ್ದು ಕೇಂದ್ರ ಶಿಕ್ಷಣ ಸಚಿವರೂ ಆಗಿದ್ದವರು. 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಸ್ಥಾಪಿಸಿದರು. ಅದು ಈಗಿರುವ ನಾಗರಬಾವಿ, ಮೈಸೂರು ರಸ್ತೆಗೂ ಮಾಗಡಿ ರಸ್ತೆಗೂ ನಡುವಿನ ಜಾಗ. ಯಾವ ಕಡೆ ತಿರುಗಿದರೂ ನಮ್ಮ ರೇಷ್ಮೆ ಸೀಮೆಗೇ ದಾರಿ. ಕೆಲಸವಿಲ್ಲದವರು ಕಾರ್ಖಾನೆ ಬಾಗಿಲಲ್ಲಿ ಕಾದು ನಿಂತಿರುತ್ತಾರೆ, ಸರ್ಕಾರ ಹಣ ಹೂಡಿದರೆ ಒಳಗೆ ಹೋಗುತ್ತಾರೆ, ಉತ್ಪಾದನೆ ಏರುತ್ತದೆ ಎಂಬುದು ಕೇನ್ಸ್ ವಾದದ ಸಾರ. ಇದು ನಮ್ಮಲ್ಲಿ ಹಾಗೇ ನಡೆಯದು ಎಂದು ರಾವ್ 1952ರಲ್ಲೇ ಬರೆದರು. ಇಲ್ಲಿ ನಿರುದ್ಯೋಗ ಬಾಗಿಲಲ್ಲಿ ನಿಂತಿರುವುದಿಲ್ಲ; ಮನೆಯ ದುಡಿಮೆಯೊಳಗೇ ಅಡಗಿ ಕೂತಿರುತ್ತದೆ. ಇಬ್ಬರ ಕೆಲಸವನ್ನು ನಾಲ್ವರು ಹಂಚಿಕೊಂಡಾಗ ನಾಲ್ವರೂ ದುಡಿಯುವವರೇ. ಅವರು ಕೂಲಿ ಹುಡುಕಿ ಹೊರಬರದಿದ್ದರೆ, ಸುರಿದ ಹಣ ಉತ್ಪಾದನೆಗಿಂತ ಬೆಲೆಯನ್ನೇ ಏರಿಸುತ್ತದೆ.

ಹಾಗಾದರೆ ಅಳೆಯುವುದು ಹೇಗೆ? ನಿರುದ್ಯೋಗದ ಅಂದಾಜುಗಳನ್ನು ಪರಿಶೀಲಿಸಿದ ದಾಂತವಾಲಾ ಸಮಿತಿಯ ಸಲಹೆಯ ಬಳಿಕ 1972-73ರ ರಾಷ್ಟ್ರೀಯ ಮಾದರಿ ಸಮೀಕ್ಷೆ ಮೂರು ಅಳತೆಗೋಲು ಹಿಡಿಯಿತು: ವರ್ಷದ್ದು, ವಾರದ್ದು, ದಿನದ್ದು. ವರ್ಷದ ಲೆಕ್ಕದಲ್ಲಿ 365 ದಿನಗಳಲ್ಲಿ 30 ದಿನ ದುಡಿದರೂ ಉದ್ಯೋಗಿಯೆನಿಸಬಹುದು. ವಾರದ ಲೆಕ್ಕಕ್ಕೆ ಒಂದು ಗಂಟೆ ಸಾಕು. ದಿನದ ಲೆಕ್ಕ ಮಾತ್ರ ಅರ್ಧರ್ಧ ದಿನವನ್ನೂ ಎಣಿಸಿ, ಎಷ್ಟು ದಿನ ಖಾಲಿ ಹೋಯಿತೆಂದು ಹೇಳುತ್ತದೆ. ಹುಳು ಮನೆಯ ಸೊಸೆ ಮೊದಲನೆಯದರಲ್ಲಿ ಉದ್ಯೋಗಿ, ಕೊನೆಯದರಲ್ಲಿ ದುಡಿದ ದಿನಗಳ ಮಟ್ಟಿಗೆ ಮಾತ್ರ ಉದ್ಯೋಗಿ. ಪತ್ರಿಕೆಯ ತಲೆಬರಹಕ್ಕೆ ಏರುವುದು ಮೊದಲೆರಡೇ. 15 ವರ್ಷ ದಾಟಿದವರ ನಿರುದ್ಯೋಗ ವರ್ಷದ ಲೆಕ್ಕದಲ್ಲಿ 2017-18ರಲ್ಲಿ ಶೇ. 6 ಇದ್ದದ್ದು 2023-24ಕ್ಕೆ ಶೇ. 3.2ಕ್ಕೆ ಇಳಿಯಿತು, ದುಡಿಯುವ ಇಲ್ಲವೇ ಕೆಲಸ ಹುಡುಕುವ ಹೆಂಗಸರ ಪ್ರಮಾಣ ಶೇ. 23.3ರಿಂದ 41.7ಕ್ಕೆ ಏರಿತು. ಈ ಏರಿಕೆಯಲ್ಲಿ ದೊಡ್ಡ ಪಾಲು ಹಳ್ಳಿಯ ಸ್ವಂತ ದುಡಿಮೆ, ಅದರಲ್ಲೂ ಸಂಬಳವಿಲ್ಲದ ಮನೆಯ ದುಡಿಮೆ. ಸೊಸೆ ಲೆಕ್ಕಕ್ಕೆ ಬಂದಳು, ಒಳ್ಳೆಯದೇ. ಕೈಗೆ ಕಾಸು ಬಂತೇ ಎಂಬುದು ಬೇರೆ ಮಾತು.

ಒಂದು ಗಂಟೆಗೇ ಉದ್ಯೋಗಿ ಎನ್ನುವುದು ಸರ್ಕಾರದ ಕಣ್ಕಟ್ಟು ಎಂದು ಆಕ್ಷೇಪಿಸುವವರಿದ್ದಾರೆ. ಅದು ನಿಜವಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಅಳತೆಯೂ ಅದೇ. ದೇಶದ ಉತ್ಪಾದನೆಗೆ ಸೇರುವ ಯಾವ ದುಡಿಮೆಯೂ ಲೆಕ್ಕ ತಪ್ಪಬಾರದೆಂಬುದು ಅದರ ಉದ್ದೇಶ. ತಪ್ಪಿರುವುದು ಆ ಅಂಕಿಯನ್ನು ನೆಮ್ಮದಿಯ ಅಂಕಿಯೆಂದು ಓದುವುದರಲ್ಲಿ. ನಿರುದ್ಯೋಗಿಯಾಗಿರಲೂ ಮನೆಯಲ್ಲಿ ಒಂದಿಷ್ಟು ಆಧಾರ ಬೇಕು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ 2023ರ ವರದಿ 25 ವರ್ಷದೊಳಗಿನ ಪದವೀಧರರಲ್ಲಿ ನಿರುದ್ಯೋಗ ಶೇ. 42ಕ್ಕೂ ಹೆಚ್ಚೆಂದು ತೋರಿಸಿತು, ಇವರು ಕಾಯಬಲ್ಲವರು. ಚನ್ನಪಟ್ಟಣದಲ್ಲಿ ಅರಗಿನ ಬಣ್ಣದ ಆಟಿಕೆ ಕಡೆಯುವವರು ಆರ್ಡರ್ ಇಲ್ಲದ ವಾರ ಬೇರೆ ಕೂಲಿಗೆ ಹೋಗಲೇಬೇಕು, ಹೋದರೆ ಅಂಕಿಯಲ್ಲಿ ಅವರು ಸುಖಿಗಳು. ಇನ್ನೂ ಕಹಿಯಾದ ಉದಾಹರಣೆ ಬೇಕೆಂದರೆ ರೇಷ್ಮೆಯದೇ ಇದೆ. ಮುಂಗಡಕ್ಕೆ ಕಟ್ಟುಬಿದ್ದು ದುಡಿಯುತ್ತಿದ್ದ ಮಕ್ಕಳ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ 2003ರ ವರದಿಯಲ್ಲಿ ಬರೆಯಿತು, ಕರ್ನಾಟಕದ್ದೂ ಅದರಲ್ಲಿತ್ತು. ಆ ಮಕ್ಕಳಲ್ಲಿ ಒಬ್ಬರೂ ‘ನಿರುದ್ಯೋಗಿ’ಯಾಗಿರಲಿಲ್ಲ.

ಬಿಡದಿಯಲ್ಲಿ ಟೊಯೊಟಾ 1999ರಿಂದ ಕಾರು ಮಾಡುತ್ತಿದೆ, ಹಾರೋಹಳ್ಳಿಯಲ್ಲೂ ಕೈಗಾರಿಕಾ ಪ್ರದೇಶವಿದೆ, ಇನ್ನೂ ಹುಳು ಮನೆಯ ಮಾತೇಕೆ ಎನ್ನಬಹುದು. ಒಪ್ಪತಕ್ಕ ಮಾತೇ. ಕೆಲಸ ಖಾಲಿ ಇದ್ದೂ ಕೆಲಸ ಹುಡುಕುವವರು ಅಲೆಯುತ್ತಾರೇಕೆ ಎಂಬುದನ್ನು ವಿವರಿಸಿದ್ದಕ್ಕೆ ಡೈಮಂಡ್, ಮಾರ್ಟೆನ್ಸೆನ್, ಪಿಸಾರಿಡಿಸ್ 2010ರ ಅರ್ಥಶಾಸ್ತ್ರದ ನೊಬೆಲ್ ಪಡೆದರು. ಆ ಸಿದ್ಧಾಂತ ಬಿಡದಿಗೆ ಹೊಂದುತ್ತದೆ. ಆದರೆ ಮಗ ಬಿಡದಿಗೆ, ಸೊಸೆ ಹಿಪ್ಪುನೇರಳೆ ತೋಟಕ್ಕೆ ಹೋಗುವ ಮನೆಯನ್ನು ಒಂದೇ ಸಿದ್ಧಾಂತದಲ್ಲಿ ಅಳೆದರೆ ಅರ್ಧ ಮನೆ ಮಾತ್ರ ಕಾಣುತ್ತದೆ.

2025ರ ಜನವರಿಯಿಂದ ಉದ್ಯೋಗ-ನಿರುದ್ಯೋಗ ಅಳೆಯುವ ರಾಷ್ಟ್ರೀಯ ಸಮೀಕ್ಷೆ ಹೆಚ್ಚಿನ ಕಡೆ ಜಿಲ್ಲೆಯನ್ನೇ ಮೂಲ ಘಟಕವಾಗಿ ಹಿಡಿದಿದೆ, ಅಂಕಿಗಳು ತಿಂಗಳು ತಿಂಗಳು ಬರುತ್ತಿವೆ. ಅದೇ ವರ್ಷ ರಾಮನಗರ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣವಾಯಿತು. ಹೆಸರು ಏನೇ ಇರಲಿ, ಸಮೀಕ್ಷೆಯವರು ನಿಮ್ಮ ಮನೆಗೆ ಬಂದರೆ ‘ಮನೇಲೇ ಇದ್ದೀನಿ’ ಎಂದು ಹೇಳಿ ಕಳಿಸಬೇಡಿ. ಕೊಯ್ದ ಸೊಪ್ಪನ್ನೂ, ಖಾಲಿ ಹೋದ ದಿನಗಳನ್ನೂ ಬಿಡದೆ ಬರೆಸಿ.